ಮೊದಲು ಹಾಡು, ಆಮೇಲೆ ಬಾಕ್ಸ್: ನಮ್ಮ ಕಡೆ ಡಿಜೆ ಆಗುವವರಿಗೆ ಮಾರ್ಗದರ್ಶಿ

ಡಿಜೆ ಅಂದರೆ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಜನರ ಕಣ್ಣ ಮುಂದೆ ಮೊದಲು ಬರುವುದು ಬಾಕ್ಸ್, ಅಂದರೆ ದೊಡ್ಡ ಸ್ಪೀಕರ್. ಎಷ್ಟು ಬೇಸ್ (ಗುಡುಗುವ ದನಿಯ ಬಾಕ್ಸ್), ಎಷ್ಟು ಟಾಪ್ (ಮಾತು, ಹಾಡು ಕೇಳಿಸುವ ಬಾಕ್ಸ್), ಯಾವ ಗಾಡಿ? ಬುಕಿಂಗ್‌ಗೆ ಫೋನ್ ಮಾಡುವವರು ಇದನ್ನೇ ಕೇಳುತ್ತಾರೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಹುಡುಗರು ಸಾಲ ಮಾಡಿ ಮೊದಲು ಕೊಳ್ಳುವುದೂ ಬಾಕ್ಸನ್ನೇ. ನಾನು ಹೇಳುವುದು ಇದಕ್ಕೆ ಉಲ್ಟಾ. ಬಾಕ್ಸ್ ಬಾಡಿಗೆಗೆ ಸಿಗುತ್ತದೆ. ಗಂಗಾವತಿ, ಸಿಂಧನೂರು, ಕುಷ್ಟಗಿ, ಎಲ್ಲಿ ಹೋದರೂ ಸೌಂಡ್ ಸರ್ವಿಸ್‌ನವರು ಇದ್ದಾರೆ. ಚೆನ್ನಾಗಿ ಜೋಡಿಸಿದ ಹಾಡಿನ ಸಂಗ್ರಹವನ್ನು ಮಾತ್ರ ಯಾರೂ ಬಾಡಿಗೆಗೆ ಕೊಡುವುದಿಲ್ಲ. ಅದನ್ನು ನೀವೇ ಕಟ್ಟಬೇಕು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

1. ಯಾರ ಮುಂದೆ ಹಾಡು ಹಾಕುತ್ತೀರಿ?

ಬೆಂಗಳೂರಿನ ಕ್ಲಬ್‌ನಲ್ಲಿ ಒಬ್ಬ ಡಿಜೆ ರಾತ್ರಿಯಿಡೀ ಒಂದೇ ಬಗೆಯ ಸಂಗೀತ ಹಾಕಬಹುದು. ನಮ್ಮಲ್ಲಿ ಅದು ನಡೆಯುವುದಿಲ್ಲ. ತುಂಗಭದ್ರಾ ಕಾಲುವೆ ಬಂದ ಮೇಲೆ ಗಂಗಾವತಿ, ಸಿಂಧನೂರು ಸುತ್ತ ತೆಲುಗು ಮಾತಾಡುವ ರೈತರ ಕ್ಯಾಂಪ್‌ಗಳು ಬೆಳೆದವು. ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಬಂಗಾಳಿಗಳಿದ್ದಾರೆ. ತಾಂಡಾಗಳಲ್ಲಿ ಲಂಬಾಣಿ ಹಾಡೇ ಬೇಕು. ರಾಯಚೂರು ಪೇಟೆಯ ಮದುವೆಯಲ್ಲಿ ಹಿಂದಿ, ಉರ್ದು ಕೇಳುತ್ತಾರೆ. ಹಳ್ಳಿಗೆ ಹೋದರೆ ಉತ್ತರ ಕರ್ನಾಟಕದ ಜಾನಪದ ಇಲ್ಲದೆ ಕುಣಿತ ಏಳುವುದೇ ಇಲ್ಲ. ಎಷ್ಟೋ ಸಲ ಇವರೆಲ್ಲ ಒಂದೇ ಮಂಟಪದಲ್ಲಿ ಇರುತ್ತಾರೆ. ಗಂಡಿನ ಕಡೆಯವರು ಕನ್ನಡ, ಬೀಗರು ತೆಲುಗು, ಗೆಳೆಯರ ಗುಂಪಿಗೆ ಹಿಂದಿ.

ಆದ್ದರಿಂದ ಬುಕಿಂಗ್ ಒಪ್ಪಿಕೊಳ್ಳುವಾಗಲೇ ನಾಲ್ಕು ಪ್ರಶ್ನೆ ಕೇಳಿ. ಬೀಗರು ಯಾವ ಊರಿನವರು? ಮನೆಯಲ್ಲಿ ಯಾವ ಮಾತು ಆಡುತ್ತಾರೆ? ಯಾವ ಹೀರೋ ಅಭಿಮಾನಿಗಳು ಜಾಸ್ತಿ? ಬೇಡವೇ ಬೇಡ ಅನ್ನುವ ಹಾಡು ಯಾವುದಾದರೂ ಇದೆಯಾ? ಕೊನೆಯ ಪ್ರಶ್ನೆ ಮುಖ್ಯ. ಮನೆಯಲ್ಲಿ ಇತ್ತೀಚೆಗೆ ಸಾವು ಆಗಿರಬಹುದು. ಹಿರಿಯರಿಗೆ ಕೆಲವು ಹಾಡಿನ ಮಾತು ಹಿಡಿಸದೇ ಇರಬಹುದು. ಮೊದಲೇ ತಿಳಿದಿದ್ದರೆ ನಿಮಗೂ ಅವರಿಗೂ ಒಳ್ಳೆಯದು.

2. ಹಾಡು ಕೂಡಿಸುವುದು, ಜೋಡಿಸುವುದು

ಇದಕ್ಕೆ ದುಡ್ಡು ಜಾಸ್ತಿ ಬೇಡ, ತಾಳ್ಮೆ ಬೇಕು.

ಮೊದಲು ಗುಣಮಟ್ಟ. ಎಂಪಿ3 ಆದರೆ 320 ಕೆಬಿಪಿಎಸ್ (ಒಂದು ಸೆಕೆಂಡಿನ ಹಾಡಿಗೆ ಎಷ್ಟು ಡೇಟಾ ಅನ್ನುವ ಅಳತೆ) ಇರಲಿ. ನಿಮಿಷಕ್ಕೆ ಸುಮಾರು 2.4 ಎಂಬಿ ಆಗುತ್ತದೆ. ಅಂದರೆ ನಾಲ್ಕು ನಿಮಿಷದ ಹಾಡಿಗೆ ಹತ್ತು ಎಂಬಿ ಹತ್ತಿರ, ಸಾವಿರ ಹಾಡಿಗೆ ಹತ್ತು ಜಿಬಿ. ಇವತ್ತಿನ ದಿನ ಅದು ಏನೂ ಅಲ್ಲ. ಯೂಟ್ಯೂಬ್‌ನಿಂದ ಇಳಿಸಿಕೊಂಡ ಹಾಡು ಫೋನಿನಲ್ಲಿ ಚೆನ್ನಾಗೇ ಕೇಳುತ್ತದೆ. ಅದನ್ನೇ ದೊಡ್ಡ ಟಾಪ್‌ನಲ್ಲಿ ಹಾಕಿದರೆ ಕಿವಿಗೆ ಚುಚ್ಚುತ್ತದೆ, ತಾಳ, ಗೆಜ್ಜೆ ಎಲ್ಲ ಸುಮ್ನೆ ಸುಯ್ ಅನ್ನುತ್ತದೆ. 128 ಕೆಬಿಪಿಎಸ್ ಹಾಡನ್ನು 320ಕ್ಕೆ ಬದಲಾಯಿಸಿದರೆ ಫೈಲ್ ದಪ್ಪ ಆಗುತ್ತದೆ ಅಷ್ಟೆ, ಹೋದ ಧ್ವನಿ ವಾಪಸ್ ಬರುವುದಿಲ್ಲ. ಅನುಮಾನ ಬಂದರೆ ಸ್ಪೆಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದು ನೋಡಿ. ಅದು ತೋರಿಸುವ ಧ್ವನಿಯ ಚಿತ್ರ 16 ಕಿಲೋಹರ್ಟ್ಸ್ ಹತ್ತಿರ ಕತ್ತರಿಸಿದ ಹಾಗೆ ನಿಂತಿದ್ದರೆ ಅದು 128ರಿಂದ ಹಿಗ್ಗಿಸಿದ್ದೇ ಇರಬೇಕು.

ಜಾನಪದದ ವಿಷಯದಲ್ಲಿ ನಮಗೆ ಒಂದು ಅನುಕೂಲ ಇದೆ. ಈ ಹಾಡು ಹಾಡುವವರು, ರೆಕಾರ್ಡ್ ಮಾಡುವವರು ನಮ್ಮ ಸುತ್ತಮುತ್ತಲಿನವರೇ. ಫೋನ್ ಮಾಡಿ, ಮರ್ಯಾದೆಯಿಂದ ಕೇಳಿ, ಕೊಡಬೇಕಾದ್ದನ್ನು ಕೊಟ್ಟು ಮೂಲ ಫೈಲನ್ನೇ ತೆಗೆದುಕೊಳ್ಳಿ. ಗೂಗಲ್ ಡ್ರೈವ್‌ನಲ್ಲಿ ಕಳಿಸಲು ಹೇಳಿ. ಆ ಕಲಾವಿದರ ಹೆಸರನ್ನು ನಿಮ್ಮ ಪೋಸ್ಟ್‌ನಲ್ಲಿ ಹಾಕಿ. ಅವರ ಹಾಡಿನಿಂದ ನಮ್ಮ ಹೊಟ್ಟೆ ತುಂಬುತ್ತಿದೆ, ಇಷ್ಟಾದರೂ ಮಾಡಬೇಕು ಅಲ್ವಾ?

ಇನ್ನು ಹೆಸರು. ಡೌನ್‌ಲೋಡ್ ಮಾಡಿದ ಫೈಲಿನ ಹೆಸರಲ್ಲಿ ವೆಬ್‌ಸೈಟ್ ಹೆಸರು, ಅಂಕಿ, ಗೆರೆ ಎಲ್ಲ ತುಂಬಿರುತ್ತದೆ. ಅದನ್ನೆಲ್ಲ ತೆಗೆದು ಹಾಡಿನ ಮೊದಲ ಸಾಲು, ಸಿನಿಮಾ, ವರ್ಷ ಇಷ್ಟನ್ನು ಬರೆಯಿರಿ. ಫೈಲಿನ ವಿವರದಲ್ಲಿ ಬರುವ ಕಾಮೆಂಟ್ ಜಾಗದಲ್ಲಿ ಹೀರೋ ಹೆಸರು ಇರಲಿ. ನಮ್ಮ ಜನ ಹಾಡಿನ ಹೆಸರು ಹಿಡಿದು ಕೇಳುವುದು ಕಡಿಮೆ. "ಅಣ್ಣಾ, ಅಪ್ಪು ಸಾಂಗ್ ಹಾಕ್ರಿ" ಅನ್ನುತ್ತಾರೆ, "ಒಂದ್ ಜಾನಪದ ಬಿಡ್ರಿ" ಅನ್ನುತ್ತಾರೆ. ಹೀರೋ ಹೆಸರು ಟೈಪ್ ಮಾಡಿದ ತಕ್ಷಣ ಹಾಡುಗಳ ಸಾಲು ಬಂದು ನಿಲ್ಲಬೇಕು. ಕನ್ನಡ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಂದೇ ಕಾಗುಣಿತ ಹಿಡಿದುಕೊಳ್ಳಿ. ಒಂದು ಕಡೆ ಎರಡು 'ಎ', ಇನ್ನೊಂದು ಕಡೆ ಒಂದು 'ಎ' ಬರೆದರೆ ಹುಡುಕುವ ಹೊತ್ತಿಗೆ ಜನ ಕುರ್ಚಿಗೆ ವಾಪಸ್ ಹೋಗಿರುತ್ತಾರೆ.

ಪ್ಲೇಲಿಸ್ಟ್ ಮಾಡುವಾಗ ಭಾಷೆಗೊಂದು ಮಾಡಿದರೆ ಸಾಲದು. ಸಂದರ್ಭಕ್ಕೆ ಒಂದೊಂದು ಮಾಡಿ. ಅರಿಶಿನ, ಜನ ಬಂದು ಕೂರುವ ಹೊತ್ತು, ಊಟ, ರಿಸೆಪ್ಷನ್, ಮೆರವಣಿಗೆ. ಜನ ಬರುವಾಗ ಶಹನಾಯಿ, ನಾದಸ್ವರ ಸಣ್ಣ ದನಿಯಲ್ಲಿ ಇದ್ದರೆ ಸಾಕು. ಊಟದ ಹೊತ್ತಿಗೆ ರಾಜ್‌ಕುಮಾರ್ ಕಾಲದ ಹಾಡುಗಳು. ಹಿರಿಯರು ನೆಮ್ಮದಿಯಿಂದ ಕೂತು ಕೇಳುತ್ತಾರೆ, ಮುಂದಿನ ಬುಕಿಂಗ್ ಮಾತು ಬಂದಾಗ ಮನೆಯಲ್ಲಿ ಅವರ ಮಾತೇ ನಡೆಯುತ್ತದೆ. ಅಕ್ಷತೆ ಬೀಳುವ ಹೊತ್ತಿಗೆ ನಿಮ್ಮ ಫೇಡರ್ (ಸದ್ದು ಏರಿಸುವ, ಇಳಿಸುವ ಜಾರುಗುಂಡಿ) ಕೆಳಗೆ ಇರಬೇಕು. ಆಗ ವಾದ್ಯದವರದ್ದೇ ಕೆಲಸ.

ವರ್ಷದ ದಿನಗಳಿಗೂ ಬೇರೆ ಪ್ಲೇಲಿಸ್ಟ್ ಇರಲಿ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಬಸವ ಜಯಂತಿ, ವಾಲ್ಮೀಕಿ ಜಯಂತಿ, ಕನಕ ಜಯಂತಿ, ಗಣೇಶ ಚೌತಿ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 1ರ ರಾಜ್ಯೋತ್ಸವ. ಈ ಹಾಡುಗಳನ್ನು ಹಿಂದಿನ ರಾತ್ರಿ ಹುಡುಕಬೇಡಿ.

ಈಗ ಬೀಟ್ ವಿಷಯ. ರೆಕಾರ್ಡ್‌ಬಾಕ್ಸ್, ಸೆರಾಟೊ, ವರ್ಚುವಲ್ ಡಿಜೆ ಇವು ಡಿಜೆ ಸಾಫ್ಟ್‌ವೇರ್‌ಗಳು. ಎಲ್ಲವೂ ಹಾಡಿನ ಬಿಪಿಎಂ (ನಿಮಿಷಕ್ಕೆ ಎಷ್ಟು ಹೊಡೆತ) ತಾವೇ ಲೆಕ್ಕ ಹಾಕುತ್ತವೆ. ನಮ್ಮ ಹಾಡುಗಳಲ್ಲಿ ಈ ಲೆಕ್ಕ ಬಹಳ ಸಲ ತಪ್ಪುತ್ತದೆ. 140 ಇರುವುದನ್ನು 70 ಅಂತ ತೋರಿಸಬಹುದು. ಹಲಗಿ, ಡೊಳ್ಳನ್ನು ಕೈಯಿಂದ ಬಾರಿಸಿ ರೆಕಾರ್ಡ್ ಮಾಡಿದ ಹಾಡಿನಲ್ಲಿ ವೇಗ ಮಧ್ಯದಲ್ಲಿ ಸ್ವಲ್ಪ ಏರುತ್ತದೆ, ಇಳಿಯುತ್ತದೆ. ಅಲ್ಲಿ ಎರಡು ಹಾಡಿನ ವೇಗ ತಾನೇ ಹೊಂದಿಸುವ ಸಿಂಕ್ ಬಟನ್ ನಂಬಿದರೆ ಎರಡು ಹಾಡು ಒಂದರ ಮೇಲೊಂದು ಎಡವುತ್ತವೆ. ಇಂಥ ಹಾಡಿಗೆ ಬೀಟ್‌ಗ್ರಿಡ್ (ಹೊಡೆತದ ಜಾಗ ತೋರಿಸುವ ಗೆರೆಗಳು) ಕೈಯಿಂದ ಸರಿಪಡಿಸಿ, ಇಲ್ಲದಿದ್ದರೆ ಕಿವಿಯಿಂದ ಹೊಂದಿಸಿ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಹಿಂದಿ ಡಾನ್ಸ್ ಹಾಡು ಸಾಮಾನ್ಯವಾಗಿ ನಾಲ್ಕರ ಎಣಿಕೆಯಲ್ಲಿ ಇರುತ್ತದೆ. ಟಪಾಂಗುಚ್ಚಿ, ನಮ್ಮ ಎಷ್ಟೋ ಜಾನಪದ ಹಾಡು ಮೂರರ, ಆರರ ಎಣಿಕೆಯಲ್ಲಿ ನಡೆಯುತ್ತವೆ. ಬಿಪಿಎಂ ಒಂದೇ ಇದ್ದರೂ ಎರಡೂ ಕೂಡುವುದಿಲ್ಲ. ಇವನ್ನು ಒಂದರ ಮೇಲೊಂದು ಮಿಕ್ಸ್ ಮಾಡಲು ಹೋಗಬೇಡಿ. ಹಾಡಿನ ಸಾಲು ಮುಗಿಯುವ ಜಾಗದಲ್ಲಿ ಎಕೋ ಕೊಟ್ಟು ನಿಲ್ಲಿಸಿ, ಒಂದು ಉಸಿರು ಬಿಟ್ಟು, ಮುಂದಿನ ಹಾಡನ್ನು ಹೊಡೆತದ ಮೇಲೇ ಶುರು ಮಾಡಿ. ಆ ಒಂದು ಕ್ಷಣದ ಖಾಲಿಗೆ ಜನ ಸಿಳ್ಳೆ ಹೊಡೆಯುತ್ತಾರೆ. ಇದಕ್ಕಾಗಿ ಪ್ರತಿ ಹಾಡಿಗೂ ಹಾಟ್ ಕ್ಯೂ (ಒತ್ತಿದ ಕೂಡಲೇ ಹಾಡಿನ ಆ ಜಾಗಕ್ಕೆ ಹಾರುವ ಗುರುತು) ಹಾಕಿಟ್ಟುಕೊಳ್ಳಿ: ಒಂದು ಪಲ್ಲವಿ ಶುರುವಿಗೆ, ಒಂದು ಕುಣಿತದ ಜಾಗಕ್ಕೆ, ಒಂದು ಹೊರಗೆ ಬರುವ ಜಾಗಕ್ಕೆ. ಕೀ, ಅಂದರೆ ಎರಡು ಹಾಡಿನ ಶ್ರುತಿ ಹೊಂದಿಸುವ ಚಕ್ರದ ಬಗ್ಗೆ ವಿಡಿಯೊಗಳಲ್ಲಿ ಬಹಳ ಹೇಳುತ್ತಾರೆ. ಕಲಿಯಿರಿ, ತಪ್ಪಿಲ್ಲ. ಆದರೆ ನಮ್ಮ ಮದುವೆಗಳಲ್ಲಿ ತಾಳ ಕೂಡುವುದು ಮೊದಲು, ಶ್ರುತಿ ಆಮೇಲೆ.

ಹಾಡಿನ ಫೋಲ್ಡರ್ ಒಂದೇ ಜಾಗದಲ್ಲಿ ಇರಲಿ. ಜೋಡಿಸಿದ ಮೇಲೆ ಫೋಲ್ಡರ್ ಹೆಸರು ಬದಲಾಯಿಸಿದರೆ, ಬೇರೆ ಡ್ರೈವ್‌ಗೆ ಸರಿಸಿದರೆ ಸಾಫ್ಟ್‌ವೇರ್‌ಗೆ ಹಾಡು ಸಿಗುವುದಿಲ್ಲ. ರೆಕಾರ್ಡ್‌ಬಾಕ್ಸ್‌ನಲ್ಲಿ ಹಾಡಿನ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಕಂಡರೆ ಇದೇ ಕಾರಣ. ಆನ್‌ಲೈನ್‌ನಿಂದ ನೇರವಾಗಿ ಹಾಡು ಹಾಕುವ ಯೋಚನೆ ಬೇಡ. ಯಲಬುರ್ಗಾ ದಾಟಿ ಒಳಗಿನ ಹಳ್ಳಿಗೆ ಹೋದಾಗ ನೆಟ್‌ವರ್ಕ್ ಇರುತ್ತದೆ ಅಂತ ಯಾರು ಹೇಳಬೇಕು?

3. ಸಾಮಾನು ಕೊಳ್ಳುವ ಕ್ರಮ

ಮೊದಲು ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಬೇಸ್ ಪಕ್ಕ ಅದುರಿ ಹಾಡು ಮಧ್ಯದಲ್ಲೇ ತಡವರಿಸಬಹುದು. ಎರಡನೆಯದು ಎರಡು ಡೆಕ್‌ನ ಸಣ್ಣ ಕಂಟ್ರೋಲರ್, ಅಂದರೆ ಲ್ಯಾಪ್‌ಟಾಪ್‌ನ ಎರಡು ಹಾಡನ್ನು ಕೈಯಿಂದ ನಡೆಸುವ ಯಂತ್ರ. ಪಯೊನೀರ್ ಡಿಡಿಜೆ-ಎಫ್‌ಎಲ್‌ಎಕ್ಸ್4 ತರಹದ್ದು ಶುರುವಿಗೆ ಧಾರಾಳ ಸಾಕು. ಅದು ರೆಕಾರ್ಡ್‌ಬಾಕ್ಸ್, ಸೆರಾಟೊ ಎರಡರಲ್ಲೂ ಕೆಲಸ ಮಾಡುತ್ತದೆ, ಕರೆಂಟ್ ಯುಎಸ್‌ಬಿಯಿಂದಲೇ ತೆಗೆದುಕೊಳ್ಳುತ್ತದೆ. ಮೂರನೆಯದು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ನಾಲ್ಕನೆಯದು ಒಳ್ಳೆಯ ಕೇಬಲ್. ಕೇಬಲ್‌ನಲ್ಲಿ ಉಳಿಸಲು ಹೋಗಬೇಡಿ. ಕಾರ್ಯಕ್ರಮ ಅರ್ಧಕ್ಕೆ ನಿಲ್ಲುವುದು ಬಹಳ ಸಲ ಇದರಿಂದಲೇ.

ಸಣ್ಣ ಕಂಟ್ರೋಲರ್‌ಗಳ ಹಿಂದೆ ಆರ್‌ಸಿಎ ಪಿನ್ (ಹಳೆಯ ಟಿವಿ, ಡಿವಿಡಿ ಹಿಂದೆ ಇರುವಂಥದ್ದು) ಇರುತ್ತದೆ. ಆರ್‌ಸಿಎ ವೈರನ್ನು ಸ್ಟೇಜಿನಿಂದ ಆಂಪ್ಲಿಫೈಯರ್‌ವರೆಗೆ ಉದ್ದ ಎಳೆದರೆ ಗುಂಯ್ ಅನ್ನುವ ಸದ್ದು ಸೇರುತ್ತದೆ. ಪಕ್ಕದಲ್ಲೇ ಮಿಕ್ಸರ್ ಇಟ್ಟುಕೊಂಡು ಅಲ್ಲಿಂದ ಎಕ್ಸ್‌ಎಲ್‌ಆರ್ (ಮೈಕ್‌ಗೆ ಹಾಕುವ ಮೂರು ಪಿನ್‌ನ) ಕೇಬಲ್ ಎಳೆಯಿರಿ. ಆಮೇಲೂ ಸದ್ದು ಇದ್ದರೆ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ನಿಂತರೆ ಅದು ಅರ್ಥಿಂಗ್ ತೊಂದರೆ, ಐಸೊಲೇಟರ್ ಹಾಕಿದರೆ ಸರಿಯಾಗುತ್ತದೆ. ಸದ್ದು ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಮುರಿಯುವ ಅಭ್ಯಾಸ ಕೆಲವರಿಗೆ ಇದೆ. ದಯವಿಟ್ಟು ಅದನ್ನು ಮಾಡಬೇಡಿ, ಜೀವಕ್ಕೆ ಅಪಾಯ.

ಬ್ಯಾಕಪ್ ಇಲ್ಲದೆ ಮನೆ ಬಿಡಬೇಡಿ. ಅದೇ ಹಾಡುಗಳ ಪೆನ್‌ಡ್ರೈವ್ ಒಂದು. ಫೋನಿನಲ್ಲಿ ಒಂದು ಗಂಟೆಯ ಮಿಕ್ಸ್, ಅದನ್ನು ಮಿಕ್ಸರ್‌ಗೆ ಹಾಕುವ ವೈರ್. ಬೇರೆಯವರ ಪ್ಲೇಯರ್‌ಗೆ ಪೆನ್‌ಡ್ರೈವ್ ಹಾಕಬೇಕಾದರೆ ಎಫ್‌ಎಟಿ32 ಮಾಡಿಡಿ, ಹಳೆಯ ಎಷ್ಟೋ ಪ್ಲೇಯರ್‌ಗಳು ಬೇರೆ ಫಾರ್ಮ್ಯಾಟ್ ಓದದೇ ಇರಬಹುದು. ಲ್ಯಾಪ್‌ಟಾಪ್‌ನಲ್ಲಿ ಅಪ್‌ಡೇಟ್, ನೋಟಿಫಿಕೇಷನ್, ವೈಫೈ ಎಲ್ಲ ಬಂದ್ ಮಾಡಿ.

ನಮ್ಮ ಬಿಸಿಲು, ಧೂಳು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಮದುವೆಗಳೂ ಆಗಲೇ ಜಾಸ್ತಿ. ಮುಚ್ಚಿದ ಕಾರಿನಲ್ಲಿ ಕಂಟ್ರೋಲರ್ ಬಿಡಬೇಡಿ. ಟೇಬಲ್ ಮೇಲೆ ನೆರಳು ಇರಲೇಬೇಕು. ಫೇಡರ್ ಸಂದಿಗೆ ಧೂಳು ಕೂತರೆ ಕರಕರ ಸದ್ದು ಬರುತ್ತದೆ. ಕೆಲಸ ಇಲ್ಲದಾಗ ಕವರ್ ಮುಚ್ಚಿಡಿ.

4. ಸೌಂಡ್: ವ್ಯಾಟ್ ಹಿಂದೆ ಓಡಬೇಡಿ

ಇಲ್ಲಿ ಒಂದು ಲೆಕ್ಕ ತಿಳಿದಿರಲಿ. ಆಂಪ್ಲಿಫೈಯರ್ ಶಕ್ತಿ ಎರಡು ಪಟ್ಟು ಮಾಡಿದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರಾಗಿ ಕೇಳಬೇಕು ಅಂದರೆ ಸುಮಾರು 10 ಡೆಸಿಬೆಲ್ ಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಅಂದರೆ ನಾಲ್ಕು ಬಾಕ್ಸ್ ಜಾಗದಲ್ಲಿ ಎಂಟು ತಂದು ಸಾಲ ಏರಿಸಿಕೊಂಡರೂ ಜನರ ಕಿವಿಗೆ ಅದು ಎರಡು ಪಟ್ಟು ಜೋರಾಗಿ ಕೇಳುವುದಿಲ್ಲ. ಇರುವುದನ್ನು ಸರಿಯಾಗಿ ಇಡುವುದರಿಂದ ಹೆಚ್ಚು ಲಾಭ. ಟಾಪ್‌ಗಳನ್ನು ಜನರ ತಲೆಗಿಂತ ಮೇಲೆ ಇಡಿ. ಕೆಳಗೆ ಇಟ್ಟರೆ ಮುಂದಿನ ಸಾಲಿಗೆ ಕಿವಿ ನೋವು, ಹಿಂದಿನವರಿಗೆ ಬರೀ ಗುಡುಗು. ಬೇಸ್ ಬಾಕ್ಸ್‌ಗಳನ್ನು ಮೂಲೆಮೂಲೆಗೆ ಹಂಚದೆ ಒತ್ತೊತ್ತಾಗಿ ಇಡಿ, ಒಂದಕ್ಕೊಂದು ಬಲ ಕೊಡುತ್ತವೆ. ತಗಡಿನ ಮಂಟಪದಲ್ಲಿ ಟಾಪ್ ಮುಖ ಹಿಂದಿನ ಗೋಡೆಗೆ ಇರದೆ ಜನರ ಕಡೆ ಸ್ವಲ್ಪ ಬಾಗಿರಲಿ. ಇಲ್ಲದಿದ್ದರೆ ಗೋಡೆಗೆ ಬಡಿದು ಬಂದ ಸದ್ದಿನಲ್ಲಿ ಮಾತೇ ಕೇಳುವುದಿಲ್ಲ.

ಸ್ಪೀಕರ್ ಕೊಳ್ಳುವಾಗ ದೊಡ್ಡ ಅಕ್ಷರದ ಪೀಕ್ ವ್ಯಾಟ್ (ಕ್ಷಣಮಾತ್ರ ತಡೆಯುವುದು) ಬಿಟ್ಟು ಆರ್‌ಎಂಎಸ್ (ಸತತವಾಗಿ ತಡೆಯುವುದು) ನೋಡಿ. ಮಿಕ್ಸರ್‌ನಲ್ಲಿ ಕೆಂಪು ದೀಪ ಹತ್ತದ ಹಾಗೆ ನಡೆಸಿ. ಸದ್ದು ಹರಿದು ಹೋಗುವಷ್ಟು ಏರಿಸಿದರೆ ಮೊದಲು ಸುಡುವುದು ಟಾಪ್ ಒಳಗಿನ ಸಣ್ಣ ಡ್ರೈವರ್. ಚಾಲೂ ಮಾಡುವಾಗ ಆಂಪ್ಲಿಫೈಯರ್ ಕೊನೆಗೆ, ಬಂದ್ ಮಾಡುವಾಗ ಅದೇ ಮೊದಲು.

ಜನರೇಟರ್ ಬಾಡಿಗೆ ತರುವಾಗ ಕೆವಿಎ ಅಂದರೆ ಪೂರ್ತಿ ಕಿಲೋವ್ಯಾಟ್ ಅಂದುಕೊಳ್ಳಬೇಡಿ. 15 ಕೆವಿಎ ಜನರೇಟರ್‌ನಿಂದ ಸಾಮಾನ್ಯವಾಗಿ 12 ಕಿಲೋವ್ಯಾಟ್ ಸಿಗುತ್ತದೆ. ಲೈಟ್ ಲೈನ್ ಬೇರೆ, ಸೌಂಡ್ ಲೈನ್ ಬೇರೆ ಇರಲಿ. ಲೇಸರ್ ಹಾಕುವವರು ಜನರ ಕಣ್ಣಿನ ಎತ್ತರಕ್ಕೆ ಬಿಡಬಾರದು. ಫೋಟೊದವರ ಕ್ಯಾಮೆರಾ ಸೆನ್ಸರ್ ಕೂಡ ಅದರಿಂದ ಕೆಡುತ್ತದೆ.

ನಿಮ್ಮ ಕಿವಿ ನಿಮ್ಮ ಬಂಡವಾಳ. ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಕೆಲಸ ಮಾಡಬಹುದು. ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧ ಆಗುತ್ತದೆ. 100 ಡೆಸಿಬೆಲ್‌ಗೆ ಬಂದಾಗ ಉಳಿಯುವುದು 15 ನಿಮಿಷ. ಗಾಡಿಯ ಮೇಲೆ ನಿಂತ ಡಿಜೆಗೆ ಅದಕ್ಕಿಂತ ಜಾಸ್ತಿಯೇ ಬೀಳುತ್ತದೆ. ಇಯರ್‌ಪ್ಲಗ್ ಹಾಕಿಕೊಳ್ಳಿ, ಗಾಡಿ ಹುಡುಗರಿಗೂ ಕೊಡಿ.

5. ಮೆರವಣಿಗೆಗೆ ಮುಂಚೆ

ದಾರಿಯನ್ನು ಹಗಲಲ್ಲೇ ಒಮ್ಮೆ ನಡೆದು ನೋಡಿ. ಬಾಕ್ಸ್ ಪೇರಿಸಿದ ಮೇಲೆ ಗಾಡಿಯ ಎತ್ತರ ಎಷ್ಟು ಅಂತ ಅಳೆಯಿರಿ. ಹಳ್ಳಿ ಓಣಿಯಲ್ಲಿ ಕರೆಂಟ್ ತಂತಿ ಜೋತು ಬಿದ್ದಿರುತ್ತದೆ. ಕೋಲಿನಿಂದ ತಂತಿ ಎತ್ತಿ ಗಾಡಿ ದಾಟಿಸುವ ಕೆಲಸ ಯಾವತ್ತೂ ಬೇಡ. ಜೆಸ್ಕಾಂ ಲೈನ್‌ಮನ್‌ಗೆ ಮೊದಲೇ ಹೇಳಿ ಲೈನ್ ತೆಗೆಸಿ, ಇಲ್ಲದಿದ್ದರೆ ದಾರಿ ಬದಲಿಸಿ. ಹಳೆಯ ಮಣ್ಣಿನ ಮಾಳಿಗೆ ಮನೆಗಳ ಮುಂದೆ ಬೇಸ್ ಇಳಿಸಿ. ಎತ್ತು, ಎಮ್ಮೆ ಕಟ್ಟಿದ ಕಡೆಯೂ ಹಾಗೆಯೇ. ಗುಡಿ, ಮಸೀದಿ, ದರ್ಗಾ, ಚರ್ಚ್ ಬಂದಾಗ ಹಾಡು ನಿಲ್ಲಿಸಿ ದಾಟಿ. ಒಬ್ಬರನ್ನು ಕೆಣಕುವ ಹಾಡನ್ನು ಯಾರು ಎಷ್ಟು ಒತ್ತಾಯ ಮಾಡಿದರೂ ಹಾಕಬೇಡಿ. ನಮ್ಮ ಕಡೆ ಮೊಹರಂ ಹಬ್ಬಕ್ಕೆ ಎಲ್ಲರೂ ಕೂಡಿ ಹೆಜ್ಜೆ ಹಾಕುತ್ತಾರೆ. ಅಂಥ ಊರಿನಲ್ಲಿ ನಮ್ಮ ಸ್ಪೀಕರ್‌ನಿಂದ ಜಗಳ ಶುರುವಾಗಬಾರದು.

ಕಾನೂನು ಸರಳವಾಗಿದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಹಾಕುವಂತಿಲ್ಲ. ಹಬ್ಬಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಸಬಹುದು. ನಿಶ್ಶಬ್ದ ವಲಯ ಅಂತ ಘೋಷಿಸಿದ ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ಸದ್ದು ಮಾಡಬಾರದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಇದಲ್ಲದೆ ಗಣೇಶ ಹಬ್ಬದ ಹೊತ್ತಿಗೆ ಜಿಲ್ಲಾಡಳಿತ ಡಿಜೆಯನ್ನೇ ನಿಷೇಧಿಸುವುದೂ ಇದೆ. ಆದೇಶ ನೋಡದೆ ಮುಂಗಡ ಹಿಡಿಯಬೇಡಿ. ಅನುಮತಿ ಪತ್ರ ಆಯೋಜಕರ ಹೆಸರಲ್ಲಿ ಇರಲಿ, ಅದರ ಪ್ರತಿ ನಿಮ್ಮ ಜೇಬಿನಲ್ಲಿ ಇರಲಿ.

ಹಾಡಿನ ಹಕ್ಕಿನ ಬಗ್ಗೆಯೂ ಎರಡು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಮದುವೆ, ಮದುವೆ ಮೆರವಣಿಗೆ, ಅದಕ್ಕೆ ಸೇರಿದ ಸಮಾರಂಭಗಳಲ್ಲಿ ಹಾಡು ಹಾಕಲು ಲೈಸೆನ್ಸ್‌ನಿಂದ ವಿನಾಯಿತಿ ಕೊಟ್ಟಿದೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿತು. ಹೋಟೆಲ್‌ನ ಹೊಸ ವರ್ಷದ ಪಾರ್ಟಿ, ಟಿಕೆಟ್ ಇಟ್ಟ ಕಾರ್ಯಕ್ರಮಗಳಿಗೆ ಈ ವಿನಾಯಿತಿ ಇಲ್ಲ. ಅಲ್ಲಿ ಹಾಡಿನ ಹಕ್ಕುದಾರರ ಪರವಾಗಿ ಹಣ ಪಡೆಯುವ ಪಿಪಿಎಲ್, ಐಪಿಆರ್‌ಎಸ್ ತರಹದ ಸಂಸ್ಥೆಗಳ ಲೈಸೆನ್ಸ್ ಬೇಕು. ಅದು ಆಯೋಜಕರ ಜವಾಬ್ದಾರಿ ಅಂತ ಮೊದಲೇ ಬರೆದುಕೊಳ್ಳಿ.

6. ಬುಕಿಂಗ್ ಬರುವ ದಾರಿ

ನಮ್ಮ ಕಡೆ ಬುಕಿಂಗ್ ಬಾಯಿಂದ ಬಾಯಿಗೆ ಬರುತ್ತದೆ. ಶಾಮಿಯಾನದವರು, ಫೋಟೊದವರು, ಅಡುಗೆಯವರು, ಹೂವಿನ ಅಲಂಕಾರದವರು, ಮಂಟಪದ ಮ್ಯಾನೇಜರ್. ಇವರೆಲ್ಲರ ಜೊತೆ ಚೆನ್ನಾಗಿರಿ. ಫೋಟೊದವರು ಎರಡು ನಿಮಿಷ ಲೈಟ್ ತಗ್ಗಿಸಿ ಅಂದರೆ ತಗ್ಗಿಸಿ. ಅಡುಗೆಯವರು "ಊಟಕ್ಕೆ ಕರೀರಿ" ಅಂದರೆ ಮೈಕ್‌ನಲ್ಲಿ ನೀವೇ ಕರೆಯಿರಿ. ಮುಂದಿನ ಮನೆಯಲ್ಲಿ ನಿಮ್ಮ ನಂಬರ್ ಕೊಡುವವರು ಇವರೇ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಊರಿನ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಾಕಿ. ಮದುವೆ ಮುಗಿದ ವಾರದಲ್ಲೇ ಮನೆಯವರಿಗೆ ಲಿಂಕ್ ಕಳಿಸಿ ಒಂದು ಸಾಲು ಬರೆಯಲು ಕೇಳಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ರೇಟ್ ಪಟ್ಟಿ ಇರಲಿ. ರೀಲ್ಸ್ ಮಾಡುವಾಗ ಫೋನನ್ನು ಬಾಕ್ಸ್ ಮುಂದೆ ಹಿಡಿಯಬೇಡಿ, ಸದ್ದು ಒಡೆಯುತ್ತದೆ. ಸ್ವಲ್ಪ ದೂರದಿಂದ, ಉದ್ದಕ್ಕೆ ಹಿಡಿದು ತೆಗೆಯಿರಿ. ಬೇರೆಯವರ ಸೆಟಪ್ ವಿಡಿಯೊ ಹಾಕಿ ನಮ್ಮದು ಅನ್ನಬೇಡಿ.

ಇದಕ್ಕಿಂತ ಮುಖ್ಯವಾದದ್ದು ಇದೆ. ಹೆಣ್ಣುಮಕ್ಕಳು ಕುಣಿದ ವಿಡಿಯೊವನ್ನು ಕೇಳದೆ ಹಾಕಬೇಡಿ. ಮದುವೆ ಮನೆಯಲ್ಲಿ ಅವರು ನಂಬಿಕೆಯಿಂದ ಕುಣಿಯುತ್ತಾರೆ. ಆ ವಿಡಿಯೊ ಯಾರ್ಯಾರ ಫೋನಿಗೋ ಹೋದರೆ ಅವರ ಮನೆಯಲ್ಲಿ ಏನಾಗಬಹುದು ಯೋಚಿಸಿ. ಮನೆಯವರು ಒಪ್ಪಿದರೂ ಆ ಹುಡುಗಿಯನ್ನೂ ಕೇಳಿ. ಅನುಮಾನ ಇದ್ದರೆ ನಿಮ್ಮ ಕೈ, ಲೈಟ್, ಜನರ ಬೆನ್ನು ಮಾತ್ರ ಕಾಣುವ ಹಾಗೆ ತೆಗೆಯಿರಿ. ಈ ಶಿಸ್ತು ಇರುವ ಡಿಜೆಯನ್ನು ತಾಯಂದಿರು ಗುರುತಿಟ್ಟು ಕರೆಯುತ್ತಾರೆ.

ದುಡ್ಡಿನ ಮಾತು ಬಾಯಲ್ಲಿ ಮುಗಿಸಬೇಡಿ. ದಿನ, ಸಮಯ, ಎಷ್ಟು ಗಂಟೆ, ಎಷ್ಟು ಬಾಕ್ಸ್, ಡೀಸೆಲ್ ಯಾರದ್ದು, ಗಾಡಿ ಬಾಡಿಗೆ ಯಾರದ್ದು, ಜಾಸ್ತಿ ಗಂಟೆಗೆ ಎಷ್ಟು, ಮಳೆ ಬಂದರೆ ಏನು, ಪೊಲೀಸರು ನಿಲ್ಲಿಸಿದರೆ ಏನು ಅಂತ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, "ಆಯ್ತು" ಅಂತ ಉತ್ತರ ತರಿಸಿಕೊಳ್ಳಿ. ಮುಂಗಡ ಬರುವವರೆಗೆ ತಾರೀಖು ಖಾಲಿ ಅಂತಲೇ ಲೆಕ್ಕ. ಬಾಕಿ ಹಣವನ್ನು ಮೆರವಣಿಗೆ ಹೊರಡುವ ಮುಂಚೆ ಒಬ್ಬರೇ ಹಿರಿಯರ ಹತ್ತಿರ ಕೇಳಿ. ರಾತ್ರಿ ಎಲ್ಲ ಮುಗಿದ ಮೇಲೆ ಕೊಡುವವರು ಸಿಗುವುದು ಕಷ್ಟ. ಪಕ್ಕದ ಡಿಜೆಗಿಂತ ಸಾವಿರ ಕಡಿಮೆ ಹೇಳಿ ಬುಕಿಂಗ್ ಕಿತ್ತುಕೊಳ್ಳುವ ಆಟವನ್ನೂ ಬಿಡಿ. ಮುಂದಿನ ವಾರ ಅವನು ಅದನ್ನೇ ಮಾಡುತ್ತಾನೆ, ಎರಡೇ ಸೀಸನ್‌ನಲ್ಲಿ ಇಬ್ಬರಿಗೂ ಡೀಸೆಲ್ ಖರ್ಚು ಹುಟ್ಟುವುದಿಲ್ಲ. ಅವನ ಜೊತೆ ಮಾತಾಡಿ, ತಾರೀಖು ತುಂಬಿದಾಗ ಒಬ್ಬರಿಗೊಬ್ಬರು ಕೆಲಸ ದಾಟಿಸಿ.

7. ಆಷಾಢದ ಕೆಲಸ

ಆಷಾಢದಲ್ಲಿ ಮದುವೆ ಇರುವುದಿಲ್ಲ. ಆಗ ಎಲ್ಲ ಕೇಬಲ್ ಒಂದೊಂದಾಗಿ ಪರೀಕ್ಷೆ ಮಾಡಿ, ಕೆಟ್ಟ ಪಿನ್ ಬೆಸೆಸಿ. ಆಂಪ್ಲಿಫೈಯರ್ ಫ್ಯಾನಿನ ಧೂಳು ತೆಗೆಸಿ. ವರ್ಷಪೂರ್ತಿ ಒಮ್ಮೆಯೂ ಹಾಕದ ಹಾಡುಗಳನ್ನು ಸಾಫ್ಟ್‌ವೇರ್ ಒಳಗೇ ಬೇರೆ ಪ್ಲೇಲಿಸ್ಟ್‌ಗೆ ಸರಿಸಿ. ಜನ ಕೇಳಿದ್ದು, ನಿಮ್ಮ ಹತ್ತಿರ ಇಲ್ಲದ್ದು ಯಾವುದು ಅಂತ ಪಟ್ಟಿ ಮಾಡಿ ತುಂಬಿಸಿಕೊಳ್ಳಿ. ಶ್ರಾವಣ ಬಂತೆಂದರೆ ಫೋನ್ ಶುರುವಾಗುತ್ತದೆ, ಅದರ ಹಿಂದೆಯೇ ಗಣೇಶ ಹಬ್ಬ. ಅಷ್ಟರೊಳಗೆ ಪೂರ್ತಿ ಸಂಗ್ರಹದ ಒಂದು ಪ್ರತಿಯನ್ನು ಹೊರಗಿನ ಡ್ರೈವ್‌ಗೆ ಹಾಕಿ, ಲ್ಯಾಪ್‌ಟಾಪ್ ಇರುವ ಮನೆಯಲ್ಲಿ ಇಡದೆ ಅಣ್ಣನ ಮನೆಯಲ್ಲೋ ಗೆಳೆಯನ ಅಂಗಡಿಯಲ್ಲೋ ಕೊಟ್ಟಿಡಿ.